ಒಂದು ಯಂತ್ರದ ಭಾರ, ಐದು ಪುಟಗಳು: ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 33ನೇ ಸಂಚಿಕೆಯ ಕಥನ ಮತ್ತು ಚಿತ್ರ

ಮಸಿಕುಡಿಕೆ

‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಸರಣಿಯ 33ನೇ ಸಂಚಿಕೆಯನ್ನು ಈ ವಾರ ಮೂರು ಸಲ ಓದಿದೆ. ಮುಖಪುಟದಲ್ಲಿ ಫೆಬ್ರವರಿ 1966 ಎಂದಿರುವ ಈ ಸಂಚಿಕೆಯ ಮೊದಲ ಐದು ಪುಟಗಳ ಬಗ್ಗೆ ಕಾಮಿಕ್ಸ್ ಓದುವವರೆಲ್ಲ ಒಂದಲ್ಲ ಒಂದು ಸಲ ಮಾತನಾಡಿರುತ್ತಾರೆ. ಆದರೆ ಆ ಮಾತುಗಳಲ್ಲಿ ಹೆಚ್ಚಿನವು ‘ಛಲ’, ‘ಇಚ್ಛಾಶಕ್ತಿ’ ಎಂಬ ಪದಗಳ ಬಳಿಗೆ ಬಂದು ನಿಂತುಬಿಡುತ್ತವೆ. ಛಲವನ್ನು ಕಾಗದದ ಮೇಲೆ ಬಿಡಿಸುವುದು ಹೇಗೆ ಸಾಧ್ಯವಾಯಿತು ಎಂಬುದನ್ನು ಕೇಳುವುದಕ್ಕಾಗಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಸನ್ನಿವೇಶ ಸರಳವಾದದ್ದು. ನದಿಯ ತಳದಲ್ಲಿರುವ ಖಳನಾಯಕ ಡಾಕ್ಟರ್ ಆಕ್ಟೋಪಸ್‌ನ ಅಡಗುದಾಣದಲ್ಲಿ, ಬೃಹತ್ತಾದ ಉಕ್ಕಿನ ಯಂತ್ರವೊಂದರ ಅಡಿಯಲ್ಲಿ ಸ್ಪೈಡರ್‌ಮ್ಯಾನ್ ಸಿಕ್ಕಿಹಾಕಿಕೊಂಡಿದ್ದಾನೆ. ಮೇಲ್ಛಾವಣಿ ಸೋರುತ್ತಿದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಅದು ಕುಸಿಯಲಿದೆ. ಸಾವಿನ ಹಾಸಿಗೆಯಲ್ಲಿರುವ ಚಿಕ್ಕಮ್ಮ ಮೇಯನ್ನು ಉಳಿಸಬಲ್ಲ ಔಷಧದ ಡಬ್ಬಿ ಅವನ ಕಣ್ಣೆದುರೇ ಇದೆ, ಆದರೆ ಕೈಗೆ ಎಟುಕುತ್ತಿಲ್ಲ. ಕಥೆಯ ಸಾರಾಂಶ ಬರೆಯುವವರು ‘ಅವನು ಯಂತ್ರವನ್ನು ಎತ್ತಿ ಹೊರಬಂದ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಬಹುದಾದ ಘಟನೆ ಇದು. ಇಪ್ಪತ್ತು ಪುಟಗಳ ಕಥೆಯಲ್ಲಿ ಚಿತ್ರಕಾರ ಸ್ಟೀವ್ ಡಿಟ್ಕೊ ಇದಕ್ಕೆ ಐದು ಪುಟಗಳನ್ನು, ಅಂದರೆ ಕಾಲುಭಾಗವನ್ನು ಕೊಟ್ಟರು.

ಆ ಐದು ಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಚೌಕಟ್ಟುಗಳ ಅಳತೆ. ಮೊದಲ ಪುಟ ಅಂದಿನ ರೂಢಿಯಂತೆ ಒಂದು ದೊಡ್ಡ ಚಿತ್ರ. ಅದಾದ ಕೂಡಲೇ ಪುಟ ಸಣ್ಣ ಪ್ಯಾನೆಲ್‌ಗಳಾಗಿ ಒಡೆಯುತ್ತದೆ, ಅವುಗಳೊಳಗೆ ಅವನ ದೇಹಕ್ಕೆ ಹೊರಳಲೂ ಜಾಗವಿಲ್ಲ. ಮೇಲಿನ ಗೆರೆ ಯಂತ್ರದ ಹಾಗೆಯೇ ಅವನ ಬೆನ್ನನ್ನು ಒತ್ತುತ್ತದೆ. ಅವನು ಒಂದಿಷ್ಟು ಮೇಲೇಳುತ್ತಾನೆ, ಸೋಲುತ್ತಾನೆ, ಮತ್ತೆ ಪ್ರಯತ್ನಿಸುತ್ತಾನೆ. ಆ ಪ್ರಯತ್ನ ಬಲಗೊಳ್ಳುತ್ತಾ ಹೋದಂತೆ ಚೌಕಟ್ಟುಗಳೂ ಹಿಗ್ಗುತ್ತವೆ. ಐದನೆಯ ಪುಟಕ್ಕೆ ಬಂದಾಗ ಒಳಗಿನ ಗೆರೆಗಳೆಲ್ಲ ಮಾಯವಾಗಿ, ಯಂತ್ರವನ್ನು ತಲೆಯ ಮೇಲಕ್ಕೆತ್ತಿದ ಒಂದೇ ಚಿತ್ರ ಪುಟವನ್ನು ಪೂರ್ತಿಯಾಗಿ ತುಂಬುತ್ತದೆ. ಅವನು ಎತ್ತಿದ್ದು ಯಂತ್ರವನ್ನು ಮಾತ್ರವಲ್ಲ, ತನ್ನನ್ನು ಬಂಧಿಸಿದ್ದ ಚೌಕಟ್ಟನ್ನೂ ಎತ್ತಿದ ಎಂದು ಓದುವವರ ಕಣ್ಣಿಗೆ ತಿಳಿಯುತ್ತದೆ, ಮನಸ್ಸಿಗೆ ತಿಳಿಯುವುದು ಆಮೇಲೆ. ಕಾಮಿಕ್ಸ್ ಎಂಬ ಮಾಧ್ಯಮಕ್ಕೆ ಮಾತ್ರ ಸಾಧ್ಯವಾಗುವ ಕಥನ ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಅನಿಸಿಕೆಗಳನ್ನು ತಿಳಿಸಿ.

ಪುಟದಂಚು

ಮಸಿಕುಡಿಕೆ ಅವರೇ, ಚೌಕಟ್ಟುಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ಪುಟಗಳನ್ನು ಓದುವಾಗ ನನಗೆ ಪ್ರತಿಸಲವೂ ಒಂದು ಅಡ್ಡಿ ಎದುರಾಗುತ್ತದೆ, ಅದು ಮಾತು. ಸ್ಪೈಡರ್‌ಮ್ಯಾನ್ ಯಂತ್ರದಡಿಯಲ್ಲಿ ನುಜ್ಜುಗುಜ್ಜಾಗುತ್ತಿದ್ದರೂ ಉದ್ದುದ್ದ ವಾಕ್ಯಗಳಲ್ಲಿ ತನ್ನ ಸಂಕಟವನ್ನು ವಿವರಿಸುತ್ತಲೇ ಇರುತ್ತಾನೆ. ಉಸಿರೆತ್ತುವುದೇ ಕಷ್ಟವಾಗಿರುವ ಮನುಷ್ಯ ಅಷ್ಟು ಮಾತನಾಡುತ್ತಾನೆಯೇ? ಚಿತ್ರ ಹೇಳಿ ಮುಗಿಸಿದ್ದನ್ನೇ ಮಾತಿನ ಬಲೂನುಗಳು ಮತ್ತೊಮ್ಮೆ ಹೇಳುತ್ತವೆ. ಒಂದು ಸಲ ಮಾತುಗಳನ್ನು ಬಿಳಿಯ ಕಾಗದದ ಚೂರುಗಳಿಂದ ಮುಚ್ಚಿ ಆ ಐದು ಪುಟಗಳನ್ನು ನೋಡಿದ್ದೆ. ಕಥೆ ಒಂದಿಷ್ಟೂ ಕಳೆದುಹೋಗಲಿಲ್ಲ.

ಇದಕ್ಕೆ ಅಂದಿನ ಕೆಲಸದ ಕ್ರಮವೂ ಕಾರಣ ಎಂಬುದನ್ನು ಬಲ್ಲೆ. ಈ ಸರಣಿಯ ಪ್ರಕಾಶನ ಸಂಸ್ಥೆ ಮಾರ್ವೆಲ್‌ನಲ್ಲಿ ಆಗ ಕಲಾವಿದರು ಪೂರ್ಣ ಚಿತ್ರಕಥೆ ಕೈಯಲ್ಲಿಲ್ಲದೆಯೇ ಪುಟಗಳನ್ನು ಬರೆಯುತ್ತಿದ್ದರು, ಮಾತುಗಳು ಚಿತ್ರಗಳು ಮುಗಿದ ಮೇಲೆ ಸೇರುತ್ತಿದ್ದವು. ಈ ಸಂಚಿಕೆಯ ವೇಳೆಗಂತೂ ಡಿಟ್ಕೊ ಮತ್ತು ಮಾತುಗಳನ್ನು ಬರೆಯುತ್ತಿದ್ದ ಸ್ಟ್ಯಾನ್ ಲೀ ನೇರವಾಗಿ ಮಾತನಾಡುವುದನ್ನೇ ನಿಲ್ಲಿಸಿದ್ದರು. ಕಥೆಯ ಹಂದರ ಡಿಟ್ಕೊ ಅವರದೇ, ಅದಕ್ಕಾಗಿ ಅವರ ಹೆಸರನ್ನೂ ಮುದ್ರಿಸಲಾಗುತ್ತಿತ್ತು. ಒಬ್ಬರು ಬರೆದು ಮುಗಿಸಿದ ಚಿತ್ರದ ಮೇಲೆ, ಅವರೊಡನೆ ಚರ್ಚಿಸದೆಯೇ ಇನ್ನೊಬ್ಬರು ಮಾತು ಕೂಡಿಸಿದರೆ ಆ ಮಾತು ಚಿತ್ರವನ್ನು ವಿವರಿಸುವ ಟಿಪ್ಪಣಿಯಾಗಿಬಿಡುವ ಅಪಾಯ ಇದ್ದೇ ಇರುತ್ತದೆ. ಇಲ್ಲಿ ಆದದ್ದು ಅದೇ ಎಂದು ನನಗೆ ಅನ್ನಿಸುತ್ತದೆ.

ಹಳೆಯ ಕಟ್ಟು

ಪುಟದಂಚು ಅವರ ಪ್ರಯೋಗವನ್ನು ನಾನೂ ಮಾಡಿ ನೋಡಿದೆ, ನನಗೆ ಸಿಕ್ಕಿದ ಫಲಿತಾಂಶ ಬೇರೆ. ಮಾತುಗಳನ್ನು ಮುಚ್ಚಿದಾಗ ಆ ಐದು ಪುಟಗಳು ಅರ್ಧ ನಿಮಿಷದಲ್ಲಿ ಮುಗಿದುಹೋದವು. ನನ್ನ ಕಣ್ಣು ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರುತ್ತಾ ಹೋಗಿ, ಅವನು ಬಹಳ ಬೇಗ ಬಿಡುಗಡೆ ಪಡೆದುಬಿಟ್ಟ. ಮಾತುಗಳನ್ನು ತೆರೆದು ಓದಿದಾಗ ಪ್ರತಿ ಪ್ಯಾನೆಲ್‌ನಲ್ಲೂ ನಾನು ನಿಲ್ಲಲೇಬೇಕಾಯಿತು. ಅಷ್ಟು ಹೊತ್ತೂ ಅವನು ಆ ಭಾರದ ಅಡಿಯಲ್ಲೇ ಇರಬೇಕಾಯಿತು.

ಕಾಮಿಕ್ಸ್‌ನಲ್ಲಿ ಕಾಲವನ್ನು ಹಿಡಿದಿಡುವುದಕ್ಕೆ ಇರುವ ಸಾಧನಗಳು ಕೆಲವೇ: ಚೌಕಟ್ಟುಗಳ ಸಂಖ್ಯೆ, ಅವುಗಳ ನಡುವಣ ಬಿಳಿಯ ಸಂದು, ಓದಿಗೆ ಬೇಕಾಗುವ ಸಮಯ. ಮೊದಲ ಎರಡು ಡಿಟ್ಕೊ ಅವರ ಕೈಯಲ್ಲಿದ್ದವು, ಮೂರನೆಯದು ಲೀ ಅವರ ಕೈಯಲ್ಲಿತ್ತು. ಆ ಮಾತುಗಳು ವಾಸ್ತವವಾದ ಸಂಭಾಷಣೆಯಲ್ಲ ಎಂಬುದು ನಿಜ. ಅವನ್ನು ರಂಗದ ಮೇಲಿನ ಸ್ವಗತದಂತೆ ಓದಿಕೊಳ್ಳಬೇಕು. ಸ್ವಗತ ಹೇಳುವ ಪಾತ್ರಕ್ಕೆ ಇಷ್ಟೊಂದು ಉಸಿರು ಎಲ್ಲಿಂದ ಬಂತು ಎಂದು ಪ್ರೇಕ್ಷಕರು ಕೇಳುವುದಿಲ್ಲವಲ್ಲ. ಇಷ್ಟಾದರೂ ಒಂದೆರಡು ಬಲೂನುಗಳನ್ನು ಕೈಬಿಟ್ಟಿದ್ದರೆ ಆ ಪುಟಗಳು ಇನ್ನಷ್ಟು ಬಿಗಿಯಾಗುತ್ತಿದ್ದವು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಮಸಿಕುಡಿಕೆ

ಇಬ್ಬರಿಗೂ ಧನ್ಯವಾದಗಳು. ಕಾಲದ ಬಗ್ಗೆ ಹಳೆಯ ಕಟ್ಟು ಅವರು ಹೇಳಿದ್ದು ನನ್ನ ಓದನ್ನು ಬದಲಿಸಿದೆ, ಮಾತುಗಳನ್ನು ನಾನು ಇಲ್ಲಿಯವರೆಗೆ ಸಹಿಸಿಕೊಂಡು ಓದುತ್ತಿದ್ದೆನಷ್ಟೆ.

ಇದಕ್ಕೆ ಸೇರಿಸಬೇಕಾದದ್ದು ಮುಖವಾಡದ ವಿಚಾರ. ಸ್ಪೈಡರ್‌ಮ್ಯಾನ್‌ನ ಮುಖವಾಡ ಮುಖವನ್ನು ಪೂರ್ತಿಯಾಗಿ ಮುಚ್ಚುತ್ತದೆ: ಬಾಯಿ ಕಾಣುವುದಿಲ್ಲ, ಹುಬ್ಬು ಕಾಣುವುದಿಲ್ಲ, ಕಣ್ಣಿನ ಜಾಗದಲ್ಲಿ ಎರಡು ಬಿಳಿಯ ಮಸೂರಗಳಿವೆ. ನೋವನ್ನು ತೋರಿಸಲು ಚಿತ್ರಕಾರರು ಮೊದಲು ಕೈಹಾಕುವ ಸಾಮಗ್ರಿಯೇ ಇಲ್ಲಿ ಇಲ್ಲ. ಇಂದಿನ ಎಷ್ಟೋ ಕಲಾವಿದರು ಮುಖವಾಡದ ಕಣ್ಣುಗಳನ್ನೇ ಕಿರಿದುಗೊಳಿಸಿ, ಅರಳಿಸಿ ಭಾವವನ್ನು ತರುತ್ತಾರೆ. ಡಿಟ್ಕೊ ಇಲ್ಲಿ ನೆಚ್ಚಿಕೊಂಡದ್ದು ದೇಹವನ್ನು. ಬೆನ್ನು ಬಾಗಿದ ರೀತಿ, ಭುಜಗಳ ನಡುವೆ ತಲೆ ಕುಸಿದ ರೀತಿ, ಯಂತ್ರಕ್ಕೆ ಕೊಟ್ಟ ತೋಳಿನ ಕೋನ ಇವೇ ಇಲ್ಲಿ ಮುಖದ ಕೆಲಸವನ್ನು ಮಾಡುತ್ತವೆ. ಬೆರಳುಗಳನ್ನಂತೂ ಪ್ರತ್ಯೇಕವಾಗಿ ನೋಡಬೇಕು. ಡಿಟ್ಕೊ ಬರೆದ ಕೈಗಳು ಅವರ ಸಹಿಯಿದ್ದಂತೆ. ಬೇರೆಯವರು ಮುಷ್ಟಿ ಬಿಗಿಸುವ ಕಡೆಯಲ್ಲಿ ಅವರು ಬೆರಳುಗಳನ್ನು ಬಿಡಿಸಿ, ಬಾಗಿಸಿ, ನಡುಗಿಸಿ ಬರೆಯುತ್ತಾರೆ.

ಅವನ ಮೈಕಟ್ಟನ್ನೂ ಗಮನಿಸಿ. ಡಿಟ್ಕೊ ಚಿತ್ರಿಸಿದ, ಮುಖವಾಡದ ಹಿಂದಿನ ಪೀಟರ್ ಪಾರ್ಕರ್ ತೆಳ್ಳನೆಯ ಹುಡುಗ, ಉಡುಪು ತೊಟ್ಟಾಗಲೂ ಅವನು ಮಲ್ಲನಾಗುವುದಿಲ್ಲ. ಅಗಲ ಎದೆಯ ದೈತ್ಯನೊಬ್ಬ ಆ ಯಂತ್ರವನ್ನು ಎತ್ತಿದ್ದರೆ ನಾವು ಅವನ ಬಲವನ್ನು ನೋಡುತ್ತಿದ್ದೆವು. ಈ ಸಣಕಲು ದೇಹ ಎತ್ತಿದಾಗ ಯಂತ್ರದ ಭಾರವನ್ನು ನೋಡುತ್ತೇವೆ. ಅವನ ಮನಸ್ಸಿನೊಳಗಿನ ದೃಶ್ಯ ಬರುವುದು ಒಂದೇ ಕಡೆ: ಚಿಕ್ಕಪ್ಪ ಬೆನ್ ಮತ್ತು ಚಿಕ್ಕಮ್ಮ ಮೇ ಅವರ ಮುಖಗಳು ಅವನ ಮೇಲೆ ತೇಲುತ್ತವೆ. ಮುಖವಿಲ್ಲದ ನಾಯಕನ ಸುತ್ತ ಕಾಣುವ ಮುಖಗಳು ಅವೆರಡೇ. ಆ ಪ್ಯಾನೆಲ್ ಅಷ್ಟು ಆಳವಾಗಿ ತಾಗುವುದಕ್ಕೆ ಇದೇ ಕಾರಣ ಎಂದು ನಾನು ನಂಬುತ್ತೇನೆ.

ಬಣ್ಣಚುಕ್ಕಿ

ಮುದ್ರಣದ ಕುರಿತು ಒಂದು ಮಾತು, ಏಕೆಂದರೆ ನಾವೆಲ್ಲ ಒಂದೇ ಸಂಚಿಕೆಯನ್ನು ನೋಡುತ್ತಿದ್ದೇವೆಯೇ ಎಂಬುದರಲ್ಲಿ ನನಗೆ ಸಂದೇಹವಿದೆ.

ಆ ಕಾಲದಲ್ಲಿ ಮೂಲ ಪುಟಗಳನ್ನು ಮುದ್ರಿತ ಪುಟಕ್ಕಿಂತ ಬಹಳ ದೊಡ್ಡ ಹಾಳೆಯ ಮೇಲೆ ಬರೆಯಲಾಗುತ್ತಿತ್ತು. ಕುಗ್ಗಿಸಿ ಅಚ್ಚು ಮಾಡಿದಾಗ ಕುಂಚದ ಗೆರೆಗಳು ಒತ್ತಾಗಿ, ಕಪ್ಪು ಭಾಗಗಳು ಹೆಚ್ಚು ದಟ್ಟವಾಗಿ ಕಾಣುತ್ತಿದ್ದವು. ಡಿಟ್ಕೊ ಇಲ್ಲಿ ಪೆನ್ಸಿಲ್ ಕೆಲಸದ ಜೊತೆಗೆ ಇಂಕಿಂಗನ್ನೂ, ಅಂದರೆ ಆ ಗೆರೆಗಳ ಮೇಲೆ ಮಸಿ ಹಚ್ಚುವುದನ್ನೂ, ತಾವೇ ಮಾಡಿದ್ದಾರೆ, ಹಾಗಾಗಿ ಎಲ್ಲಿ ಕಪ್ಪು ತುಂಬಬೇಕು ಎಂಬ ನಿರ್ಧಾರವೆಲ್ಲ ಒಂದೇ ಕೈಯದು. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ನಾಲ್ಕು ಮಸಿಗಳ ಚುಕ್ಕಿಗಳಿಂದ ಮೂಡುತ್ತಿದ್ದ ಬಣ್ಣಗಳು ಚಪ್ಪಟೆಯಾಗಿ, ಸ್ವಲ್ಪ ಮಾಸಲಾಗಿ ಇರುತ್ತಿದ್ದವು. ಆ ಮಿತಿಯನ್ನು ಅರಿತವರು ನೆರಳಿನ ಹೊಣೆಯನ್ನು ಬಣ್ಣಕ್ಕೆ ಬಿಡದೆ ಕಪ್ಪು ಮಸಿಗೇ ಒಪ್ಪಿಸುತ್ತಿದ್ದರು.

ಈಚಿನ ಮರುಮುದ್ರಣಗಳು ಬಿಳುಪಾದ, ಹೊಳಪಿನ ಕಾಗದದ ಮೇಲೆ ಬರುತ್ತವೆ. ಅದೇ ಕೆಂಪು, ಅದೇ ನೀಲಿ ಅಲ್ಲಿ ಕಣ್ಣು ಕುಕ್ಕುವಂತಾಗಿ ಯಂತ್ರದ ಕತ್ತಲೆ ತೆಳುವಾಗಿಬಿಡುತ್ತದೆ. ಸಾಧ್ಯವಿದ್ದವರು ಈ ಪುಟಗಳನ್ನು ಕಪ್ಪು ಬಿಳುಪಿನಲ್ಲಿ ಒಮ್ಮೆ ನೋಡಬೇಕು ಎಂದು ಕೇಳಿಕೊಳ್ಳುತ್ತೇನೆ. ಉಕ್ಕಿನ ರಾಶಿಯ ಕಪ್ಪು ಮತ್ತು ದೇಹದ ಮೇಲಿನ ಬಲೆಯ ಗೆರೆಗಳು ಹೇಗೆ ಒಂದನ್ನೊಂದು ಎದುರಿಸುತ್ತವೆ ಎಂಬುದು ಆಗ ಕಾಣುತ್ತದೆ. ಆ ಬಲೆಯ ಗೆರೆಗಳೂ ಅಲಂಕಾರವಲ್ಲ. ಅವು ದೇಹದ ಉಬ್ಬುತಗ್ಗುಗಳನ್ನು ಅನುಸರಿಸಿ ಬಾಗುವುದರಿಂದ, ಯಾವ ಸ್ನಾಯು ಎಷ್ಟು ಬಿಗಿದಿದೆ ಎಂಬುದನ್ನು ನಕ್ಷೆಯಂತೆ ತೋರಿಸುತ್ತವೆ.

ಒಂದು ಕೊರಗನ್ನೂ ಹೇಳಿಬಿಡುತ್ತೇನೆ. ಆ ದಿನಗಳ ಸಂಚಿಕೆಗಳಲ್ಲಿ ಬಣ್ಣ ಹಾಕಿದವರ ಹೆಸರನ್ನು ಮುದ್ರಿಸುತ್ತಿರಲಿಲ್ಲ. ನಾವು ಇಷ್ಟು ಹೊತ್ತು ಮಾತನಾಡುತ್ತಿರುವ ಪುಟಗಳಲ್ಲಿ ಮೂರನೆಯ, ನಾಲ್ಕನೆಯ ಕೈಗಳ ದುಡಿಮೆಯೂ ಇದೆ ಎಂಬುದನ್ನು ಮರೆಯಬಾರದು.

ಮೊದಲ ಓದು

ನಾನು ಸೂಪರ್‌ಹೀರೊ ಕಾಮಿಕ್ಸ್ ಓದಲು ಆರಂಭಿಸಿದ್ದು ಇತ್ತೀಚೆಗೆ. 2017ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಚಲನಚಿತ್ರದಲ್ಲಿ ಅವನು ಕುಸಿದ ಕಟ್ಟಡದ ಅವಶೇಷಗಳ ಅಡಿಯಿಂದ ಏಳುವ ದೃಶ್ಯ ಈ ಸಂಚಿಕೆಯಿಂದ ಪ್ರೇರಿತವಾದದ್ದು ಎಂದು ತಿಳಿದು ಇದನ್ನು ಹುಡುಕಿ ಓದಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ ಐದು ಪುಟಗಳು ಇಷ್ಟವಾದವು, ಆದರೆ ಉಳಿದ ಹದಿನೈದು ಪುಟಗಳು ಏಕೆ ಇವೆ ಎಂದು ಅರ್ಥವಾಗಲಿಲ್ಲ. ಅತ್ಯುನ್ನತ ಕ್ಷಣವನ್ನು ಆರಂಭದಲ್ಲೇ ಮುಗಿಸಿಬಿಟ್ಟರೆ ಕಥೆ ಇಳಿಜಾರಿನಲ್ಲಿ ಸಾಗಿದಂತೆ ಆಗುವುದಿಲ್ಲವೇ? ಅಲ್ಲದೆ ಖಳನಾಯಕನೇ ಇಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ಹಳೆಯ ಕಟ್ಟು

ಮೊದಲ ಓದು ಅವರೇ, ನಿಮ್ಮ ಪ್ರಶ್ನೆ ಈ ಸಂಚಿಕೆಯ ನಡುಬಿಂದುವಿಗೇ ಬಂದಿದೆ. ಇದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕಾಗಿದೆ.

ಇದು ಮೂರು ಸಂಚಿಕೆಗಳ ಕಥೆಯ ಕೊನೆಯ ಭಾಗ. 31ನೇ ಸಂಚಿಕೆಯಲ್ಲಿ ಪೀಟರ್ ಕಾಲೇಜಿಗೆ ಸೇರುತ್ತಾನೆ. ಗ್ವೆನ್ ಸ್ಟೇಸಿ, ಹ್ಯಾರಿ ಆಸ್ಬಾರ್ನ್ ಮೊದಲ ಸಲ ಕಾಣಿಸಿಕೊಳ್ಳುವುದೂ ಅಲ್ಲಿಯೇ, ಆದರೆ ಚಿಕ್ಕಮ್ಮನ ಚಿಂತೆಯಲ್ಲಿ ಮುಳುಗಿರುವ ಪೀಟರ್ ಅವರನ್ನು ಗಮನಿಸುವುದೇ ಇಲ್ಲ, ಅವರು ಅದನ್ನು ಅಹಂಕಾರ ಎಂದು ತಿಳಿಯುತ್ತಾರೆ. 32ನೇ ಸಂಚಿಕೆಯಲ್ಲಿ ಕಾಯಿಲೆಯ ಮೂಲ ಗೊತ್ತಾಗುತ್ತದೆ. ಹಿಂದೆ 10ನೇ ಸಂಚಿಕೆಯಲ್ಲಿ ಪೀಟರ್ ಚಿಕ್ಕಮ್ಮನಿಗೆ ರಕ್ತ ಕೊಟ್ಟಿದ್ದ, ಆ ರಕ್ತದಲ್ಲಿದ್ದ ವಿಕಿರಣವೇ ಈಗ ಅವರನ್ನು ಕೊಲ್ಲುತ್ತಿದೆ. 1962ರಲ್ಲಿ ಬಂದ ಮೊದಲ ಕಥೆಯಲ್ಲಿ ತನ್ನ ಉದಾಸೀನದಿಂದ ಚಿಕ್ಕಪ್ಪನನ್ನು ಕಳೆದುಕೊಂಡವನು ಈಗ ತನ್ನ ಪ್ರೀತಿಯಿಂದಲೇ ಚಿಕ್ಕಮ್ಮನನ್ನು ಕಳೆದುಕೊಳ್ಳುವ ಅಂಚಿನಲ್ಲಿದ್ದಾನೆ. ಆ ಯಂತ್ರದ ತೂಕ ಉಕ್ಕಿನದಷ್ಟೇ ಅಲ್ಲ ಎನ್ನುವುದು ಈ ಹಿನ್ನೆಲೆಯಿಂದ ತಿಳಿಯುತ್ತದೆ, ಬೆನ್ ಮತ್ತು ಮೇ ಅವರ ಮುಖಗಳು ಅಲ್ಲಿ ಮೂಡುವುದೂ ಇದಕ್ಕಾಗಿಯೇ.

ಖಳನಾಯಕ ಹಿಂದಿನ ಸಂಚಿಕೆಯಲ್ಲೇ ತಪ್ಪಿಸಿಕೊಂಡಿದ್ದಾನೆ. ಅವನನ್ನು ಬೆನ್ನಟ್ಟಿ ಸೋಲಿಸುವ ಕಥೆಯನ್ನು ಡಿಟ್ಕೊ ಬರೆಯಲೇ ಇಲ್ಲ. ಇಪ್ಪತ್ತು ಪುಟಗಳ ಸೂಪರ್‌ಹೀರೊ ಕಥೆಯೊಂದರಲ್ಲಿ ಇದು ಎಷ್ಟು ದೊಡ್ಡ ಧೈರ್ಯ ಎಂಬುದನ್ನು ಯೋಚಿಸಿ. ಯಂತ್ರವನ್ನು ಎತ್ತಿದ ಮೇಲೆ ಅವನ ಕಾಲು ನೋಯುತ್ತಿದೆ, ಛಾವಣಿ ಕುಸಿದು ನೀರು ನುಗ್ಗುತ್ತದೆ, ಅದರಿಂದ ಪಾರಾದರೆ ಎದುರಿಗೆ ಖಳನ ಆಳುಗಳು ನಿಂತಿದ್ದಾರೆ. ಆಮೇಲೆ ವಿಜ್ಞಾನಿ ಕರ್ಟ್ ಕಾನರ್ಸ್ ಬಳಿಗೆ ಹೋಗಬೇಕು, ಅಲ್ಲಿಂದ ಆಸ್ಪತ್ರೆಗೆ ಓಡಬೇಕು. ಪ್ರತಿ ಹಂತದಲ್ಲೂ ದೇಹ ಇನ್ನಷ್ಟು ಬಳಲುತ್ತದೆ. ನೀವು ಇಳಿಜಾರು ಎಂದಿರಿ, ನನಗೆ ಅದು ಗೆದ್ದ ಮೇಲೂ ಮುಗಿಯದ ದಾರಿಯಂತೆ ಕಾಣುತ್ತದೆ. ಅದ್ಭುತವಾದ ಪುಟ ಐದನೆಯದಾಗಿ ಬಂದದ್ದರಿಂದಲೇ, ಅಂಥ ಸಾಹಸದ ನಂತರವೂ ಮನುಷ್ಯ ಒಂದೊಂದೇ ಹೆಜ್ಜೆ ಇಡಬೇಕಾಗುತ್ತದೆ ಎಂಬುದನ್ನು ಹೇಳಲು ಹದಿನೈದು ಪುಟಗಳು ಉಳಿದವು.

ಇನ್ನು ಬೆಟ್ಟಿ ಬ್ರ್ಯಾಂಟ್‌ಳ ದೃಶ್ಯ. ಪತ್ರಿಕಾ ಕಚೇರಿಯಲ್ಲಿ ಪೀಟರ್‌ನ ಮುಖದ ಮೇಲಿನ ಗಾಯಗಳನ್ನು ಕಂಡು ಅವಳು ಬೆಚ್ಚುತ್ತಾಳೆ. ಅಪಾಯದ ಬದುಕು ಅವಳ ಅಣ್ಣನನ್ನು ಬಲಿ ತೆಗೆದುಕೊಂಡಿದೆ, ಇನ್ನೊಬ್ಬನನ್ನು ಹಾಗೆ ಕಳೆದುಕೊಳ್ಳುವ ಶಕ್ತಿ ಅವಳಲ್ಲಿಲ್ಲ. ಚಿಕ್ಕಮ್ಮನನ್ನು ಉಳಿಸಲು ಪಡೆದ ಗಾಯಗಳೇ ಅವನು ಪ್ರೀತಿಸಿದ ಹುಡುಗಿಯನ್ನು ದೂರ ಮಾಡುತ್ತವೆ. ಇಲ್ಲಿ ದೊಡ್ಡ ಪ್ಯಾನೆಲ್‌ಗಳಿಲ್ಲ, ಯಂತ್ರವಿಲ್ಲ. ನಾನು ಈ ಸಂಚಿಕೆಯನ್ನು ಹದಿಹರೆಯದಲ್ಲಿ ಓದಿದಾಗ ಈ ಪುಟವನ್ನು ಬೇಗ ಮಗುಚಿದ್ದೆ. ಈಗ ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ.

ಪುಟದಂಚು

ಹಳೆಯ ಕಟ್ಟು ಅವರ ವಿವರಣೆಯನ್ನು ಓದಿ ನನ್ನ ಆಕ್ಷೇಪವನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಬೆಟ್ಟಿಯ ದೃಶ್ಯದಲ್ಲಿ ಲೀ ಅವರ ಮಾತುಗಳಿಲ್ಲದಿದ್ದರೆ ನಾವು ಏನನ್ನೂ ಗ್ರಹಿಸುತ್ತಿರಲಿಲ್ಲ ಎಂಬುದು ಸತ್ಯ. ಯಂತ್ರದ ಪುಟಗಳ ಬಗ್ಗೆ ನನ್ನ ಅಭಿಪ್ರಾಯ ಮೊದಲಿನದೇ.

ಹೋಲಿಕೆಗೆ ಅದೇ ಸಂಸ್ಥೆಯ ಇನ್ನೊಂದು ಕೃತಿಯನ್ನು ಮುಂದಿಡುತ್ತೇನೆ. ಈ ಸಂಚಿಕೆಯ ಬೆನ್ನಿಗೇ, 1966ರ ಮಾರ್ಚ್‌ನಿಂದ ಮೇವರೆಗೆ ‘ಫೆಂಟಾಸ್ಟಿಕ್ ಫೋರ್’ ಸರಣಿಯ 48ರಿಂದ 50ನೇ ಸಂಚಿಕೆಗಳಲ್ಲಿ ಚಿತ್ರಕಾರ ಜ್ಯಾಕ್ ಕರ್ಬಿ ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್‌ನನ್ನು ತಂದರು. ಅಲ್ಲಿಯೂ ಮಾತು ಬರೆದವರು ಸ್ಟ್ಯಾನ್ ಲೀ. ಕರ್ಬಿ ಅವರ ಪುಟದಲ್ಲಿ ಎಲ್ಲವೂ ಹೊರಕ್ಕೆ ಸಿಡಿಯುತ್ತದೆ. ಆಕೃತಿಗಳು ಓದುಗನ ಕಡೆಗೆ ನುಗ್ಗುತ್ತವೆ, ಚೌಕಟ್ಟು ಅವರಿಗೆ ಸಾಲುವುದಿಲ್ಲ. ಡಿಟ್ಕೊ ಅವರಲ್ಲಿ ಎಲ್ಲವೂ ಒಳಕ್ಕೆ ಕುಗ್ಗುತ್ತದೆ. ಇಡೀ ಭೂಮಿ ಅಳಿಯುವ ಭಯಕ್ಕಿಂತ ಒಬ್ಬ ಮುದುಕಿಯ ಔಷಧ ಕೈಗೆಟುಕದ ಭಯ ನನ್ನನ್ನು ಹೆಚ್ಚು ಕಾಡಿದೆ. ಇದು ಕರ್ಬಿ ಅವರನ್ನು ಕೀಳಾಗಿಸಲು ಹೇಳಿದ ಮಾತಲ್ಲ, ಒಂದೇ ವೇಳೆಯಲ್ಲಿ ಒಂದೇ ಕಡೆಯಿಂದ ಇಷ್ಟು ಭಿನ್ನವಾದ ಎರಡು ದೃಷ್ಟಿಗಳು ಬಂದವಲ್ಲ ಎಂಬ ಬೆರಗಿನಿಂದ ಹೇಳಿದ್ದು.

ಮೊದಲ ಓದು

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. 31 ಮತ್ತು 32ನ್ನು ಓದಿ ಮತ್ತೆ 33ಕ್ಕೆ ಬಂದೆ. ಕಾಲೇಜಿನಲ್ಲಿ ಹ್ಯಾರಿ, ಗ್ವೆನ್ ಅವನನ್ನು ಗರ್ವಿಷ್ಠ ಎಂದುಕೊಳ್ಳುವ ದೃಶ್ಯ ಮೊದಲೇ ತಿಳಿದಿದ್ದರಿಂದ ಯಂತ್ರದಡಿಯ ಅವನ ಒಂಟಿತನ ಈ ಸಲ ಬೇರೆಯಾಗಿಯೇ ಕಂಡಿತು: ಅವನು ಎಲ್ಲಿದ್ದಾನೆ ಎಂಬುದು ಯಾರಿಗೂ ಗೊತ್ತಿಲ್ಲ, ಗೊತ್ತಾದರೂ ಅವನು ಪೀಟರ್ ಎಂಬುದು ಗೊತ್ತಿಲ್ಲ. ಚಲನಚಿತ್ರದಲ್ಲಿ ಆ ದೃಶ್ಯಕ್ಕೆ ಸಂಗೀತವಿತ್ತು, ನಟನ ಮುಖವಿತ್ತು, ದನಿಯಿತ್ತು. ಇಲ್ಲಿ ಇವು ಯಾವುವೂ ಇಲ್ಲದೆ ಗೆರೆಗಳಿಂದಲೇ ಅಷ್ಟು ಭಾರ ಹೇಗೆ ಬಂತು ಎಂಬುದು ಈಗ ಅರ್ಥವಾಗುತ್ತಿದೆ.

ಮಸಿಕುಡಿಕೆ

ಒಂದು ಸಣ್ಣ ವಿವರವನ್ನು ಹೇಳಿ ನನ್ನ ಪಾಲಿನ ಮಾತನ್ನು ನಿಲ್ಲಿಸುತ್ತೇನೆ.

ಡಿಟ್ಕೊ 38ನೇ ಸಂಚಿಕೆಯ ನಂತರ ಈ ಸರಣಿಯನ್ನು ಬಿಟ್ಟರು. ಅಂದರೆ ಈ ಪುಟಗಳನ್ನು ಬರೆಯುವಾಗ ಅವರಿಗೆ ಇಲ್ಲಿ ಉಳಿದಿದ್ದದ್ದು ಇನ್ನು ಐದೇ ಸಂಚಿಕೆಗಳು. ಲೀ ಮತ್ತು ಡಿಟ್ಕೊ ಇಬ್ಬರೂ 2018ರಲ್ಲಿ ತೀರಿಕೊಂಡರು. ಮಾತುಕತೆ ನಿಂತುಹೋಗಿದ್ದ ಇಬ್ಬರು ಒಂದೇ ಪುಟದ ಮೇಲೆ ಒಬ್ಬರಾದ ಮೇಲೊಬ್ಬರು ಕೆಲಸ ಮಾಡಿದ್ದನ್ನು ನೆನೆದು ಪುಟಗಳನ್ನು ಮತ್ತೆ ತೆರೆದೆ, ಈ ಸಲ ಔಷಧದ ಡಬ್ಬಿಯನ್ನು ಮಾತ್ರ ಹುಡುಕುತ್ತಾ ಹೋದೆ. ಸ್ಪೈಡರ್‌ಮ್ಯಾನ್‌ನನ್ನು ಬಿಟ್ಟು ಆ ಡಬ್ಬಿಯ ಮೇಲೆಯೇ ಕಣ್ಣಿಟ್ಟು ಓದಿ ನೋಡಿ. ಅಷ್ಟು ದೊಡ್ಡ ಯಂತ್ರ ಬರೆದ ಕೈ, ಅಂಗೈಯಲ್ಲಿ ಹಿಡಿಯಬಹುದಾದ ಆ ವಸ್ತುವನ್ನು ನೆಲದ ಮೇಲೆ ಒಂಟಿಯಾಗಿ, ಸುತ್ತಲೂ ಜಾಗ ಬಿಟ್ಟು ಇಟ್ಟಿದೆ. ಅವನ ಮತ್ತು ಅದರ ನಡುವೆ ಇರುವುದು ಕೆಲವೇ ಹೆಜ್ಜೆಗಳ ಬರಿಯ ನೆಲ, ಅದರ ಮೇಲೆ ತೊಟ್ಟಿಕ್ಕುವ ನೀರು.